ಹೊಲದ ಎಣ್ಣೆ (ಕೀಟನಾಶಕ) ಬಿಟ್ಟು ಜೊಂಡಿಗ (ಜಿರಳೆ) ಕಳೆದುಕೊಂಡ ನನ್ನ ಅನುಭವ

ಸಿಂಧನೂರಿನ ನಮ್ಮ ಮನೆಯಲ್ಲಿ ರಾತ್ರಿ 11ಕ್ಕೆ ಅಡುಗೆಮನೆಯ ದೀಪ ಹಾಕಿದರೆ ಗ್ಯಾಸ್ ಒಲೆಯ ಕೆಳಗಿನಿಂದ ಸಣ್ಣ ಜಾತಿಯ ಜೊಂಡಿಗಗಳು ಹತ್ತಿಪ್ಪತ್ತರ ಲೆಕ್ಕದಲ್ಲಿ ಚದುರಿ ಓಡುತ್ತಿದ್ದವು. 2 ವರ್ಷ ಹೆಣಗಿದ ಮೇಲೆ, ಸಿಂಪರಣೆಯನ್ನೇ ಬಿಟ್ಟು, ಬೋರಿಕ್ ಪುಡಿ (ಬೋರಿಕ್ ಆಮ್ಲ) ಬೆರೆಸಿದ ಹಿಟ್ಟಿನುಂಡೆ ಇಟ್ಟು, ಸುಮಾರು 200 ರೂಪಾಯಿಯಲ್ಲಿ ಅವುಗಳ ಕಾಟ ತಪ್ಪಿಸಿದ್ದೇನೆ. ಹಿಟ್ಟಿನುಂಡೆಗೆ ಹುಳ ಸಾಯುತ್ತದೆಯೇ ಎಂದು ನಕ್ಕಿದ್ದ ನನ್ನ ತಮ್ಮನೇ ಈಗ ಉಂಡೆ ಕೇಳಿ ಒಯ್ಯುತ್ತಾನೆ.

ಮೊದಲ ತಪ್ಪು ನನ್ನದೇ. ಹತ್ತಿಗೆ ಹೊಡೆದು ಉಳಿದಿದ್ದ, ಚೀಟಿಯ ಮೇಲೆ ಅತಿ ವಿಷಕಾರಿ ಎಂದು ಸೂಚಿಸುವ ಕೆಂಪು ತ್ರಿಕೋನವಿದ್ದ ಬಾಟಲಿಯಿಂದ ಒಂದು ಮುಚ್ಚಳ ಎಣ್ಣೆಯನ್ನು ನೀರಿಗೆ ಬೆರೆಸಿ ಬಚ್ಚಲ ಮೋರಿಗೆ ಸುರಿದೆ. ಮರುದಿನ ಬೆಕ್ಕು ಜೊಲ್ಲು ಸುರಿಸುತ್ತ, ಕಾಲು ನಡುಗಿಸುತ್ತ ಹಿತ್ತಲಲ್ಲಿ ಬಿದ್ದಿತ್ತು. ಪಶುವೈದ್ಯರ ಸೂಜಿಯಿಂದ ಅದು ಉಳಿಯಿತು, 600 ರೂಪಾಯಿ ಹೋಯಿತು, ಜೊಂಡಿಗ ಮಾತ್ರ ಹಾಗೆಯೇ ಇದ್ದವು. ಆಮೇಲೆ ಸಿಂಪಡಿಸುವವರನ್ನು ಕರೆಸಿ, ಸಲಕ್ಕೆ 1,100ರಂತೆ 3 ಸಲ ಕೊಟ್ಟೆ. ಪ್ರತಿ ಸಲವೂ ತಿಂಗಳೊಳಗೆ ಮರಿಗಳು ಕಾಣಿಸಿಕೊಂಡವು. 30-40 ಮೊಟ್ಟೆ ಹಿಡಿಯುವ ಅವುಗಳ ಕೋಶದೊಳಕ್ಕೆ ಆ ಔಷಧಿ ಇಳಿಯುವುದಿಲ್ಲ.

ಬೋರಿಕ್ ಪುಡಿಯ ಉಂಡೆ ಎಲ್ಲರಿಗೂ ಗೊತ್ತಿರುವುದೇ, ಆದರೆ ನನ್ನ ಮೊದಲ ಕಂತು ಕೆಟ್ಟಿತು. ಅರ್ಧಕ್ಕರ್ಧ ಪುಡಿ ಹಾಕಿದ್ದರಿಂದ ಅವು ಮೂಸಿ ಹಿಂದೆ ಸರಿದವು. ಒಂದು ಪಾಲು ಪುಡಿಗೆ ಹೆಚ್ಚುಕಡಿಮೆ ನಾಲ್ಕು ಪಾಲು ಗೋಧಿಹಿಟ್ಟು, ಸಕ್ಕರೆ, ಅರೆದ ಈರುಳ್ಳಿ ಎಂದು ಬದಲಿಸಿದಾಗ ತಿನ್ನತೊಡಗಿದವು. ವಾಸನೆಗೆ ನಾನು ಸೇರಿಸುವ ಇನ್ನೊಂದು ವಸ್ತುವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಷ್ಟು ಹಾಕಿದೆ ಎನ್ನುವುದಕ್ಕಿಂತ ಎಲ್ಲಿಟ್ಟೆ ಎನ್ನುವುದೇ ಮುಖ್ಯ. ಒಳಬಿದ್ದವು ಹತ್ತಿ ಹೊರಬರದಂತೆ ಕಂಠದ ಒಳಗೆ ಅಡುಗೆ ಎಣ್ಣೆ ಸವರಿದ ಗಾಜಿನ ಸೀಸೆಗಳಲ್ಲಿ ಬಾಳೆಹಣ್ಣಿನ ಚೂರು ಹಾಕಿ 5 ಕಡೆ ಇಟ್ಟು ಬೆಳಿಗ್ಗೆ ಎಣಿಸಿದೆ: ಫ್ರಿಜ್ಜಿನ ಮೋಟರ್ ಬದಿಯಲ್ಲಿ 23, ಸಿಂಕಿನ ಕೆಳಗೆ 14, ಉಳಿದ ಮೂರರಲ್ಲಿ ಒಂದೆರಡು. ಕಡಲೆಕಾಳಿನಷ್ಟು ಉಂಡೆಗಳನ್ನು ಆ ಎರಡೇ ಜಾಗದಲ್ಲಿ, ಮೊಮ್ಮಗಳ ಕೈಗೆ ಸಿಗದ ಸಂದುಗಳಲ್ಲಿ ಇಟ್ಟು, ಅವುಗಳ ಹತ್ತಿರ ಫಿನೈಲ್ ಆಗಲಿ ಸ್ಪ್ರೇ ಆಗಲಿ ಸುಳಿಯದಂತೆ ಮನೆಯವರಿಗೆ ತಾಕೀತು ಮಾಡಿದೆ. ಮೊದಲ 4 ದಿನ ಏನೂ ಆಗಲಿಲ್ಲ. ಹತ್ತನೆಯ ದಿನದಿಂದ ಸತ್ತವು ಕಸಬರಿಗೆಗೆ ಸಿಕ್ಕವು. ತಿಂಗಳ ಬಳಿಕ, ಮರಿಗಳಿಗೆಂದು, ಎರಡನೆಯ ಸುತ್ತು ಇಟ್ಟೆ.

ಅದೇ ಉಂಡೆಯನ್ನು ಕೆಂಪಿರುವೆಗೂ ಇಟ್ಟು ನೋಡಿದೆ, ಮುಟ್ಟಲಿಲ್ಲ. ತೀರಾ ಕಡಿಮೆ ಪುಡಿ ಕರಗಿಸಿದ ಸಕ್ಕರೆ ನೀರಿನಲ್ಲಿ ಹತ್ತಿ ಅದ್ದಿ ಇಟ್ಟಾಗ ಮಾತ್ರ ಸಾಲುಗಟ್ಟಿ ಬಂದವು. ಜೋಳದ ನುಸಿಗೆ ಅಂಗಡಿಯವನು ಮಾತ್ರೆ ಕೊಡಲು ಬಂದ. ವಿಷದ ಗಾಳಿ ಬಿಡುವ ಆ ಮಾತ್ರೆ ಮಲಗುವ ಮನೆಯೊಳಗೆ ಬೇಡವೆಂದು, ಜೋಳವನ್ನು ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ 2 ದಿನ ಒಣಗಿಸಿ, ಆರಿದ ಮೇಲೆ ಬಿಗಿ ಮುಚ್ಚಳದ ಡ್ರಮ್ಮುಗಳಿಗೆ ತುಂಬಿದೆ. ಒಂದು ಡ್ರಮ್ ಮಾತ್ರ ಸರಿಯಾಗಿ ಮುಚ್ಚದೆ ಕೆಟ್ಟಿತು.

ಬೋರಿಕ್ ಡಬ್ಬಿಯನ್ನು ಹೆಸರು ಬರೆದು, ಹಿಟ್ಟಿನ ಡಬ್ಬಿಗಳ ಸಾಲಿನಿಂದ ದೂರ, ಬೀಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಕಳೆದ ತಿಂಗಳು ಫ್ರಿಜ್ಜಿನ ಬದಿಯ ಸೀಸೆಯಲ್ಲಿ ಒಂದೇ ಒಂದು ಸಿಕ್ಕಿತು.