‘ಕೊರೆ’: ಉದ್ದುದ್ದ ಮಾತಿಗೆ ಈ ಪದವನ್ನು ಯಾವಾಗ, ಹೇಗೆ ಬಳಸಬೇಕು

ಬೈರಿಗೆ ಮರವನ್ನು ಕೊರೆಯುವುದನ್ನು ನೆನಪಿಸಿಕೊಳ್ಳಿ. ಒಂದೇ ಜಾಗ, ಒಂದೇ ಸದ್ದು, ಸುತ್ತು ಮೇಲೆ ಸುತ್ತು. ‘ಅವನು ಬಂದರೆ ಗಂಟೆಗಟ್ಟಲೆ ಕೊರೆಯುತ್ತಾನೆ’ ಎನ್ನುವಾಗ ನಮ್ಮ ಕಿವಿಯೇ ಆ ಮರ. ಈ ಚಿತ್ರ ಮನಸ್ಸಿನಲ್ಲಿದ್ದರೆ ಪದ ತಪ್ಪುವುದಿಲ್ಲ. ಇದು ಅಳೆಯುವುದು ಕೇಳುವವನ ಸಂಕಟವನ್ನು; ಮಾತು ಎಷ್ಟು ಹೊತ್ತು ನಡೆಯಿತು ಎಂಬುದು ಆಮೇಲಿನ ಮಾತು. ಮೂರು ಗಂಟೆ ಮಾತಾಡಿಯೂ ಕೇಳುಗರನ್ನು ಹಿಡಿದು ಕೂರಿಸಿದವರು ಕೊರೆದಂತಲ್ಲ.

ರೂಪಗಳು ಸುಲಭ: ಕೊರೆದ, ಕೊರೆಯುತ್ತಾನೆ, ಕೊರೆಯಬೇಡ. ಆಡುಮಾತಿನಲ್ಲಿ ‘ಕೊರೀತಾನೆ’, ‘ಕೊರೀಬೇಡ’ ಎನ್ನುತ್ತೇವೆ. ಆ ಅಭ್ಯಾಸದಿಂದಲೇ ಬರವಣಿಗೆಯಲ್ಲಿ ‘ಕೊರಿಯುತ್ತಾನೆ’ ನುಸುಳುತ್ತದೆ. ಧಾತು ‘ಕೊರೆ’ಯೇ ಆದ್ದರಿಂದ ‘ರೆ’ ಅಕ್ಷರವನ್ನು ಉಳಿಸಿಕೊಳ್ಳಿ. ‘ಬರೆಯುತ್ತಾನೆ’ ಎಂದು ಬರೆಯುವ ಹಾಗೆಯೇ ಇದು. ಇನ್ನು ‘ಕೊರಗು’ ಬೇರೆಯೇ ಪದ, ಒಳಗೊಳಗೇ ದುಃಖಪಡುವುದು.

ಈ ಪದದ ಮೊದಲು ‘ತಲೆ’ ಸೇರಿಸಿದರೆ ಬಿಸಿ ಏರುತ್ತದೆ: ‘ಬೆಳಿಗ್ಗೆಯಿಂದ ನನ್ನ ತಲೆ ಕೊರೆದ.’ ವಿಷಯ ಹೇಳಬೇಕಿದ್ದರೆ ‘ಬಗ್ಗೆ’ ಸಾಕು: ‘ಹೊಸ ಫೋನಿನ ಬಗ್ಗೆ ಕೊರೆದ.’ ಗಂಟೆಗಟ್ಟಲೆ, ಒಂದೇ ಸಮನೆ, ಬಿಡದೆ ಎಂಬ ಪದಗಳು ಇದರ ಜೊತೆ ಚೆನ್ನಾಗಿ ಹೊಂದುತ್ತವೆ. ‘ಎರಡು ನಿಮಿಷ ಕೊರೆದ’ ಎಂದರೆ ಹೊಂದುವುದಿಲ್ಲ, ಅಷ್ಟರಲ್ಲಿ ತೂತು ಬೀಳುವುದಿಲ್ಲವಲ್ಲ. ನನ್ನ ಮಟ್ಟಿಗೆ ಇದರ ಅತಿ ಸೊಗಸಾದ ರೂಪ ‘ಕೊರೆಸಿಕೊಳ್ಳು’. ‘ಒಂದು ಗಂಟೆ ಕೊರೆಸಿಕೊಂಡು ಬಂದೆ’ ಎಂಬಲ್ಲಿ ಎದ್ದು ಹೋಗಲಾಗದೆ ಕೂತವನ ಅಸಹಾಯಕತೆಯೆಲ್ಲ ಒಂದೇ ಕ್ರಿಯಾಪದದಲ್ಲಿ ಬಂದುಬಿಡುತ್ತದೆ.

ಕೊರೆಯಲು ಬಾಯಿ ಇರುವವರು ಬೇಕು. ಸಿನಿಮಾ, ಪ್ರಯಾಣ, ರಜೆಯ ಮಧ್ಯಾಹ್ನ ಬೇಸರ ತರಿಸಿದರೆ ಅದಕ್ಕೆ ‘ಬೋರ್ ಹೊಡೆಯಿತು’ ಎನ್ನುವುದೇ ವಾಡಿಕೆ. ಚಳಿಯೂ ಚಿಂತೆಯೂ ಕೊರೆಯುತ್ತವೆ ನಿಜ. ಅಲ್ಲಿ ಅರ್ಥ ಚುಚ್ಚುವುದು, ಬಾಧಿಸುವುದು.

ನೆರೆಹೊರೆಯ ಪದಗಳನ್ನು ಬೆರೆಸಬೇಡಿ. ‘ಹರಟು’ವಲ್ಲಿ ಇಬ್ಬರಿಗೂ ಖುಷಿ. ‘ಗಳಹು’ವಲ್ಲಿ ಮಾತಿಗೆ ಹುರುಳಿಲ್ಲ. ‘ಬಡಬಡಿಸು’ ಎಂದರೆ ಅರ್ಥವಿಲ್ಲದೆ ಗಡಿಬಿಡಿಯಲ್ಲಿ ಆಡುವುದು. ‘ಕೊಚ್ಚಿಕೊಳ್ಳು’ ತನ್ನನ್ನು ತಾನೇ ಹೊಗಳಿಕೊಳ್ಳುವುದು. ಕೊರೆಯುವವನ ಮಾತಿನಲ್ಲಿ ಹುರುಳು ಇರಬಹುದು, ಸತ್ಯವೂ ಇರಬಹುದು. ನಿಲ್ಲಿಸುವುದು ಮಾತ್ರ ಅವನಿಗೆ ಗೊತ್ತಿಲ್ಲ.

ಹೆಚ್ಚು ಎಡವುವುದು ಮರ್ಯಾದೆಯ ವಿಷಯದಲ್ಲಿ. ‘ಕೊರೆಯಬೇಡಿ’ ಎಂದು ಬಹುವಚನ ಹಚ್ಚಿದ ಮಾತ್ರಕ್ಕೆ ಪದ ಮೆತ್ತಗಾಗುವುದಿಲ್ಲ. ಹಿರಿಯರ ಮುಂದೆ ಅದು ಒರಟೇ. ‘ಸ್ವಲ್ಪ ಚುಟುಕಾಗಿ ಹೇಳ್ತೀರಾ?’ ಎನ್ನಿ. ಸಭೆಯ ವರದಿಯಲ್ಲಿ ‘ಸುದೀರ್ಘವಾಗಿ ಮಾತನಾಡಿದರು’ ಎಂದು ಬರೆಯಿರಿ. ವಿಷಯವನ್ನು ಬಿಡಿಸಿ ಹೇಳಿದ್ದರೆ ‘ಸವಿಸ್ತಾರವಾಗಿ ವಿವರಿಸಿದರು’ ಎನ್ನಿ. ಗೆಳೆಯರ ನಡುವೆ ‘ಸಾಕು ಮಾರಾಯ, ಕೊರೀಬೇಡ’ ಸಲೀಸು. ತನ್ನ ಬಗ್ಗೆ ಹೇಳಿಕೊಂಡಾಗಲಂತೂ ಇದೇ ಪದ ವಿನಯವಾಗುತ್ತದೆ: ‘ತುಂಬಾ ಕೊರೆದೆ ಅನ್ಸುತ್ತೆ, ಈಗ ನೀವು ಹೇಳಿ.’