ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯಕ್ಕೆ ಬೆಲೆ ಕಟ್ಟುವುದು ಹೇಗೆ?

ಅಮೆರಿಕದಲ್ಲಿ 1964ರವರೆಗೂ ಜೇಬಿನ ಚಿಲ್ಲರೆಯೇ ಬೆಳ್ಳಿಯದು. ಡೈಮ್ (10 ಸೆಂಟ್), ಕ್ವಾರ್ಟರ್ (25 ಸೆಂಟ್), ಹಾಫ್ ಡಾಲರ್ (50 ಸೆಂಟ್) ಮೂರರಲ್ಲೂ ಶೇ 90 ಬೆಳ್ಳಿ, ಉಳಿದದ್ದು ತಾಮ್ರ. ಹಾಗಾಗಿ ಮೊದಲು ಇಸವಿ ನೋಡಿ. ಆಮೇಲೆ ಅಂಚು ನೋಡಿ. ನಡುವೆ ತಾಮ್ರದ ಕೆಂಪು ಗೆರೆ ಕಂಡರೆ ಅದು 1965 ಅಥವಾ ಆಮೇಲಿನದು. ಕೆನಡಿ ಹಾಫ್ ಡಾಲರ್‌ನಲ್ಲಿ ಮಾತ್ರ 1970ರವರೆಗೂ ಶೇ 40 ಬೆಳ್ಳಿ ಇತ್ತು.

ಮುಂದಿನದು ತೂಕದ ಲೆಕ್ಕ. 1878ರಿಂದ ಬಂದ ಮೋರ್ಗನ್ ಡಾಲರ್, 1921ರಿಂದ ಬಂದ ಪೀಸ್ ಡಾಲರ್, ಎರಡೂ ಒಂದು ಡಾಲರ್‌ನ ಬೆಳ್ಳಿ ನಾಣ್ಯಗಳು, ತಲಾ 26.73 ಗ್ರಾಂ. ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 24 ಗ್ರಾಂ. ಅದನ್ನು ಇವತ್ತಿನ ಗ್ರಾಂ ದರದಿಂದ ಗುಣಿಸಿ. ಎಷ್ಟೇ ಸವೆದಿದ್ದರೂ ಹೆಚ್ಚುಕಮ್ಮಿ ಅಷ್ಟು ಬೆಲೆ ಇದ್ದೇ ಇರುತ್ತದೆ. ಯಾರಾದರೂ ಅದಕ್ಕಿಂತ ತುಂಬಾ ಕಡಿಮೆಗೆ ಕೊಡಲು ಬಂದರೆ ಅನುಮಾನಪಡಿ.

ಇನ್ನು ಟಂಕಸಾಲೆಯ ಗುರುತು. ಮೋರ್ಗನ್ ಡಾಲರ್‌ನ ಹದ್ದಿನ ಬದಿಯಲ್ಲಿ, ಎಲೆಮಾಲೆಯ ಕೆಳಗೆ ಪುಟ್ಟ ಅಕ್ಷರ ಇರುತ್ತದೆ. ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, ಒ ಅಂದರೆ ನ್ಯೂ ಆರ್ಲಿಯನ್ಸ್, ಸಿಸಿ ಅಂದರೆ ಕಾರ್ಸನ್ ಸಿಟಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ.

ಎಷ್ಟು ಅಚ್ಚಾಯಿತು ಅನ್ನುವುದನ್ನಷ್ಟೇ ನಂಬಿ ಬೆಲೆ ಕಟ್ಟಬೇಡಿ. 1918ರ ಪಿಟ್‌ಮನ್ ಕಾಯ್ದೆಯಡಿ 27 ಕೋಟಿಗೂ ಜಾಸ್ತಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿಬಿಟ್ಟರು. ಇನ್ನೊಂದು ಕಡೆ, 1884ರ ಸಿಸಿ ಡಾಲರ್ ಅಚ್ಚಾಗಿದ್ದು 11 ಲಕ್ಷ ಚಿಲ್ಲರೆ. ಅದರಲ್ಲಿ 9 ಲಕ್ಷಕ್ಕೂ ಹೆಚ್ಚು ಸರ್ಕಾರದ ಖಜಾನೆಯಲ್ಲೇ ಉಳಿದಿದ್ದವು. 1970ರ ದಶಕದಲ್ಲಿ ಅವನ್ನು ಮಾರಿದರು. ಹಾಗಾಗಿ ಹೊಚ್ಚಹೊಸದರಂಥ ನಾಣ್ಯ ಇವತ್ತಿಗೂ ಸಿಗುತ್ತದೆ. ಉಳಿದಿರುವುದೆಷ್ಟು ಅನ್ನುವುದೇ ಮುಖ್ಯ, ಅಲ್ವಾ?

ನಿಜಕ್ಕೂ ಅಪರೂಪದ್ದು 1893ರ ಎಸ್ ಡಾಲರ್. ಅಚ್ಚಾಗಿದ್ದೇ 1 ಲಕ್ಷ. ಬೇರೆ ನಾಣ್ಯಕ್ಕೆ ಎಸ್ ಅಂಟಿಸಿ ಮೋಸ ಮಾಡುವವರಿದ್ದಾರೆ. ಭೂತಗನ್ನಡಿ ಹಿಡಿದು ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿಯ ಕಿರೀಟದ ಮೇಲಿನ 'ಲಿಬರ್ಟಿ' ಪದ ನೋಡಿ. ಅಸಲಿಯಾದರೆ ಟಿ ಅಕ್ಷರದ ತಲೆಯಲ್ಲಿ ಓರೆಯಾದ, ಕೂದಲೆಳೆಯಷ್ಟು ಸಣ್ಣ ಉಬ್ಬುಗೆರೆ ಇರುತ್ತದೆ. ಅದನ್ನು ಕಣ್ಣಾರೆ ಕಾಣುವ ಖುಷಿಯೇ ಬೇರೆ! ಆದರೂ ಇಂಥ ನಾಣ್ಯವನ್ನು ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಾ ಕಂಪನಿ ಪರೀಕ್ಷಿಸಿ ಸೀಲ್ ಮಾಡಿದ ಡಬ್ಬಿಯಲ್ಲೇ ಕೊಳ್ಳಿ.

ಸವೆತ ಮೊದಲು ಕಾಣುವುದು ಕಿವಿಯ ಮೇಲಿನ ಕೂದಲಿನಲ್ಲಿ, ಹದ್ದಿನ ಎದೆಯ ಗರಿಗಳಲ್ಲಿ. ಗ್ರೇಡ್, ಅಂದರೆ ನಾಣ್ಯದ ಸ್ಥಿತಿಗೆ ಕೊಡುವ ಅಂಕ, 1ರಿಂದ 70ರವರೆಗೆ ಇರುತ್ತದೆ. 60 ಅಥವಾ ಅದಕ್ಕಿಂತ ಮೇಲಿನದು ಚಲಾವಣೆಯಲ್ಲಿ ಸವೆಯದ್ದು.

ದಯವಿಟ್ಟು ಉಜ್ಜಬೇಡಿ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ದೇವರ ಮನೆಯ ದೀಪಕ್ಕೆ ಒಪ್ಪುವ ಹೊಳಪು ನಾಣ್ಯದ ಬೆಲೆಯನ್ನು ಕಳೆಯುತ್ತದೆ. ಕಪ್ಪಾಗಿದ್ದರೆ ಹಾಗೇ ಇರಲಿ. ಅಂಚಿನಲ್ಲಿ ಹಿಡಿಯಿರಿ. ಪಿವಿಸಿ ಕವರ್ ಹಸಿರು ಜಿಡ್ಡು ಬಿಡುತ್ತದೆ, ಮೈಲಾರ್ (ಪಾಲಿಯೆಸ್ಟರ್) ಕವರ್ ಬಳಸಿ.

ಶುರು ಮಾಡುವವರಿಗೆ ನನ್ನ ಸಲಹೆ 1921ರ ಮೋರ್ಗನ್. ಆ ವರ್ಷ 8 ಕೋಟಿಗೂ ಹೆಚ್ಚು ಅಚ್ಚಾದವು. ಬೆಳ್ಳಿಯ ಬೆಲೆಗಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಒಳ್ಳೆಯ ನಾಣ್ಯವೇ ಸಿಗುತ್ತದೆ.