ಬಾಡಿಗೆ ಮನೆ: ಸಹಿ ಹಾಕುವ ಮೊದಲು, ಖಾಲಿ ಮಾಡುವ ಮೊದಲು

‘ಇನ್ನು ಮುಂದೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಅದನ್ನು ನಂಬಿಕೊಂಡು ಮನೆ ಮಾಲೀಕರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಆ ಮಾತು ಇರುವುದು ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಅದು ರಾಜ್ಯಗಳಿಗೆ ಕೊಟ್ಟ ನಮೂನೆ ಅಷ್ಟೆ. ಕರ್ನಾಟಕ ಅದನ್ನು ಇನ್ನೂ ಕಾನೂನು ಮಾಡಿಕೊಂಡಿಲ್ಲ.

ನಮ್ಮಲ್ಲಿ ಇರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಇವತ್ತು ಆ ದುಡ್ಡಿಗೆ ಒಂದು ರೂಮ್ ಸಿಗುವುದೂ ಕಷ್ಟ, ಅಲ್ವಾ? 2025ರಲ್ಲಿ ಸರ್ಕಾರ ತಂದ ತಿದ್ದುಪಡಿ ಮಸೂದೆಯ ಗಮನವೂ ಜೈಲು ಶಿಕ್ಷೆ ತೆಗೆದು ದಂಡ ಹೆಚ್ಚಿಸುವ ಕಡೆಗೇ ಇತ್ತು. ಹಾಗಾಗಿ ಊರಿನ ಬಹುಪಾಲು ಮನೆಗಳಿಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಆ ಕಾಯ್ದೆ ಹೆಚ್ಚಿನ ಕಡೆ ‘ನೀವಿಬ್ಬರೂ ಬೇರೆ ರೀತಿ ಒಪ್ಪಿಕೊಂಡಿಲ್ಲದಿದ್ದರೆ’ ಎಂದೇ ಶುರುವಾಗುತ್ತದೆ. ಅಂದರೆ ನೀವು ಸಹಿ ಹಾಕುವ ಕರಾರು ಪತ್ರವೇ ನಿಮ್ಮ ಕಾನೂನು. ಅದನ್ನು ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮೊದಲು: ಎದುರಿಗಿರುವವರು ಯಾರು?

ಮನೆ ತೋರಿಸಿದವರು ಮಾಲೀಕರೋ, ಅವರ ಸಂಬಂಧಿಕರೋ, ಬ್ರೋಕರೋ ತಿಳಿದುಕೊಳ್ಳಿ. ಇತ್ತೀಚಿನ ಆಸ್ತಿ ತೆರಿಗೆ ರಸೀದಿ ಅಥವಾ ಖಾತಾ ತೋರಿಸಿ ಎಂದು ಕೇಳಿ. ಇದು ಅನುಮಾನವಲ್ಲ, ವ್ಯವಹಾರ. ಅಡ್ವಾನ್ಸ್ ಅನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ.

ಆಮೇಲೆ: ಕರಾರು ಪತ್ರ

ಎಲ್ಲರೂ 11 ತಿಂಗಳಿಗೇ ಯಾಕೆ ಬರೆಸುತ್ತಾರೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಈ ದಾರಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಸ್ಟಾಂಪ್ ಶುಲ್ಕದಲ್ಲಿ ಉಳಿತಾಯ ಮಾಡಬೇಡಿ. ಮಾಲೀಕರೂ ಇದನ್ನು ಗಮನಿಸಬೇಕು. ಶುಲ್ಕ ಕಡಿಮೆ ಕಟ್ಟಿದ ಪತ್ರವನ್ನು ನಾಳೆ ಕೋರ್ಟಿಗೆ ತಂದರೆ, ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

11 ತಿಂಗಳು ಮುಗಿದ ಮೇಲೂ ನೀವು ಅಲ್ಲೇ ಇದ್ದು, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಆಗ ಯಾರೇ ಆದರೂ 15 ದಿನದ ಲಿಖಿತ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. ಮಕ್ಕಳ ಶಾಲೆ ಇರುವವರಿಗೆ 15 ದಿನ ಯಾವ ಮೂಲೆಗೂ ಸಾಲದು. ಎರಡು ತಿಂಗಳ ನೋಟಿಸ್ ಎಂದು ಕರಾರಿನಲ್ಲೇ ಬರೆಸಿ.

ಜಗಳ ಜಾಸ್ತಿ ಆಗುವುದು ಬಣ್ಣದ ವಿಷಯಕ್ಕೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಎಂದು ಹಿಡಿದುಕೊಳ್ಳುವುದು ಬೆಂಗಳೂರಿನ ರೂಢಿ. ಕಾಯ್ದೆ ಕೇಳುವುದು ಮಾತ್ರ ಇಷ್ಟೇ: ಸಹಜವಾಗಿ ಸವೆದದ್ದನ್ನು ಬಿಟ್ಟು, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ಆದರೆ ‘ಒಂದು ತಿಂಗಳ ಬಾಡಿಗೆ ಕಡಿತ’ ಎಂಬ ಸಾಲಿಗೆ ನೀವು ಸಹಿ ಹಾಕಿದ್ದರೆ ಆ ಸಾಲೇ ಗೆಲ್ಲುತ್ತದೆ. ಬದಲಿಗೆ ಹೀಗೆ ಬರೆಸಬಹುದು: ‘ಬಾಡಿಗೆದಾರರು ಎರಡು ವರ್ಷದೊಳಗೆ ಖಾಲಿ ಮಾಡಿದರೆ ಬಣ್ಣದ ಖರ್ಚನ್ನು ಬಿಲ್ ಪ್ರಕಾರ, ಒಂದು ತಿಂಗಳ ಬಾಡಿಗೆ ಮೀರದಂತೆ ಕಡಿತ ಮಾಡತಕ್ಕದ್ದು. ಉಳಿದ ಅಡ್ವಾನ್ಸ್ ಹಣವನ್ನು ಕೀ ಒಪ್ಪಿಸಿದ ದಿನವೇ ಹಿಂದಿರುಗಿಸತಕ್ಕದ್ದು.’ ‘ಕೀ ಒಪ್ಪಿಸಿದ ದಿನವೇ’ ಎಂಬ ಮಾತನ್ನು ಬಿಡಬೇಡಿ. ‘ಬೇರೆ ಬಾಡಿಗೆದಾರರು ಬಂದ ಮೇಲೆ’ ಎಂದು ಬರೆದಿದ್ದರೆ ನಿಮ್ಮ ದುಡ್ಡು ಟು-ಲೆಟ್ ಬೋರ್ಡಿನ ಜೊತೆ ನೇತಾಡುತ್ತದೆ.

ಟ್ಯಾಂಕರ್ ನೀರಿನ ದುಡ್ಡು ಯಾರದು, ಸಂಪ್ ಮೋಟಾರ್ ಕೆಟ್ಟರೆ ರಿಪೇರಿ ಯಾರದು ಎಂಬುದನ್ನೂ ಬರೆಸಿ. 2024ರ ಬೇಸಿಗೆಯ ನೀರಿನ ಬರ ನೋಡಿದವರಿಗೆ ಇದರ ಬೆಲೆ ಗೊತ್ತು. ಬಾಡಿಗೆ ಏರಿಕೆ ಶೇಕಡಾ ಎಷ್ಟು, ಯಾವಾಗ ಎಂಬುದೂ ಇರಲಿ. ತಿಂಗಳ ಬಾಡಿಗೆ 50,000 ರೂಪಾಯಿ ಮೀರಿದರೆ ಬಾಡಿಗೆದಾರರೇ ಶೇ 2ರಷ್ಟು ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿದು ಕಟ್ಟಬೇಕು.

ಲೀಸ್ ಆದರೆ ಇನ್ನೂ ಎಚ್ಚರ

ಹತ್ತು, ಹದಿನೈದು ಲಕ್ಷ ಕೊಟ್ಟು ಬಾಡಿಗೆ ಇಲ್ಲದೆ ಇರುವ ಲೀಸ್‌ನಲ್ಲಿ ಒಂದು ಕುಟುಂಬದ ಪೂರ್ತಿ ಉಳಿತಾಯವೇ ಸಿಕ್ಕಿಕೊಂಡಿರುತ್ತದೆ. ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಪಡೆದು, ಬೇರೆಯವರಿಗೆ ಲೀಸ್‌ಗೆ ಕೊಟ್ಟು ಮಾಯವಾಗುವ ಮಧ್ಯವರ್ತಿಗಳಿದ್ದಾರೆ. ಸಾಲಕ್ಕೆ ಅಡವಿಟ್ಟ ಮನೆಯನ್ನೇ ಲೀಸ್‌ಗೆ ಕೊಡುವವರೂ ಇದ್ದಾರೆ. ಸಾಲ ಕಟ್ಟದಿದ್ದರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಹಾಗಾಗಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆ ಆಸ್ತಿಯ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಅಡಮಾನ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ. ಸಾಲ ಇದೆಯೇ ಎಂದು ಮಾಲೀಕರನ್ನೂ ಕೇಳಿ, ಉತ್ತರವನ್ನು ಪತ್ರದಲ್ಲಿ ಬರೆಸಿ. ಎರಡು, ಮೂರು ವರ್ಷದ ಲೀಸ್ ಆದರೆ ನೋಂದಣಿ ಮಾಡಿಸಿಯೇ ದುಡ್ಡು ಕೊಡಿ. ಇದಕ್ಕೆ ಒಪ್ಪದ ಮಾಲೀಕರ ಮನೆ ಎಷ್ಟೇ ಚೆನ್ನಾಗಿದ್ದರೂ ಬೇಡ ಎನ್ನಿ.

ಹೋಗುವ ದಿನ, ಬಿಡುವ ದಿನ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೊ ಮಾಡಿ. ಗೋಡೆಯ ತೇವ, ಒಡೆದ ಟೈಲ್ಸ್, ಗೀಸರ್, ಮೀಟರ್ ರೀಡಿಂಗ್ ಎಲ್ಲ ಇರಲಿ. ಅದನ್ನು ಅವತ್ತೇ ಮಾಲೀಕರಿಗೆ ಕಳಿಸಿ. ಬಿಡುವ ದಿನವೂ ಹಾಗೇ ಮಾಡಿ. ಗೃಹಜ್ಯೋತಿ ಪಡೆಯುತ್ತಿದ್ದರೆ ಹಳೆ ಮನೆಯ ಆರ್‌ಆರ್ ನಂಬರಿನಿಂದ (ವಿದ್ಯುತ್ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಅನ್ನು ಡಿ-ಲಿಂಕ್ ಮಾಡಿಸಿ. ಇಲ್ಲದಿದ್ದರೆ ಹೊಸ ಮನೆಯಲ್ಲಿ ತೊಂದರೆಯಾಗುತ್ತದೆ.

ಮಾತು ಮುರಿದರೆ

ಮಾಲೀಕರು ಬೀಗ ಬದಲಾಯಿಸುವುದು, ಸಾಮಾನು ಹೊರಗೆ ಹಾಕುವುದು ಕಾನೂನಿಗೆ ವಿರುದ್ಧ. ಬಾಡಿಗೆ ಬಾಕಿ ಇದ್ದರೂ ಅವರು ನೋಟಿಸ್ ಕೊಟ್ಟು ಕೋರ್ಟಿಗೇ ಹೋಗಬೇಕು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು. ಹಾಗೆಯೇ ಅಡ್ವಾನ್ಸ್ ಇದೆಯಲ್ಲ ಎಂದು ತಿಂಗಳುಗಟ್ಟಲೆ ಬಾಡಿಗೆ ನಿಲ್ಲಿಸುವುದೂ ಸರಿಯಲ್ಲ. ಎಷ್ಟೋ ಹಿರಿಯ ದಂಪತಿಗೆ ಆ ಬಾಡಿಗೆಯೇ ಪಿಂಚಣಿ.

ಅಡ್ವಾನ್ಸ್ ವಾಪಸ್ ಬರದಿದ್ದರೆ ಮೊದಲು ಬರವಣಿಗೆಯಲ್ಲಿ ಕೇಳಿ, ನಂತರ ವಕೀಲರಿಂದ ನೋಟಿಸ್ ಕೊಡಿಸಿ. ದಾವೆ ಹೂಡಲು ಮೂರು ವರ್ಷದ ಮಿತಿ ಇದೆ. ಸುಮ್ನೆ ಕಾಯುತ್ತಾ ಕೂತರೆ ಅದೂ ಕೈತಪ್ಪುತ್ತದೆ. ಕೋರ್ಟ್ ಮೆಟ್ಟಿಲು ಹತ್ತುವ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100. ಫೋನ್ ಮಾಡುವಾಗ ಕರಾರು ಪತ್ರ, ಹಣ ಹಾಕಿದ ದಾಖಲೆ, ಆ ಎರಡು ವಿಡಿಯೊ ಕೈಯಲ್ಲಿರಲಿ.